ತೆಳು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್: ಮಾಲೀಕರ ಅನುಭವವನ್ನು ಓದುವ ಬಗೆ

1. ಪ್ರಶ್ನೆ

ತೆಳು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳ ಬಗ್ಗೆ ಮಾಲೀಕರು ಹೇಳುವ ಮಾತುಗಳು ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಅದೇ ಮಾದರಿ, ಅದೇ ಪ್ರೊಸೆಸರ್, ಅದೇ ವರ್ಷ. ಆದರೂ ಒಬ್ಬರು ಇನ್ನು ಡೆಸ್ಕ್‌ಟಾಪ್ ಬೇಕೇ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗಲಿಲ್ಲ ಅನ್ನುತ್ತಾರೆ. ಇಂಥ ಕಡೆ ಬಿಡಿ ಯಂತ್ರದ ದೋಷವೆಂದೋ ಬಳಸುವವರ ಅತಿ ನಿರೀಕ್ಷೆಯೆಂದೋ ಹೇಳಿ ಕೈತೊಳೆದುಕೊಳ್ಳುವುದುಂಟು. ಈ ಟಿಪ್ಪಣಿಯ ವಾದ ಹೀಗಿದೆ: ಇಬ್ಬರೂ ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಿರುತ್ತಾರೆ, ಆದರೆ ಬೇರೆ ಬೇರೆ ಕಾಲಾವಧಿಯ ಬಗ್ಗೆ ಹೇಳುತ್ತಿರುತ್ತಾರೆ. ಮೊದಲ ಅರ್ಧ ನಿಮಿಷ, ಸತತ ದುಡಿಮೆಯ ಅರ್ಧ ಗಂಟೆ, ಕೊಂಡ ಮೂರನೇ ವರ್ಷ: ಈ ಮೂರು ಹಂತಗಳಲ್ಲಿ ಯಂತ್ರದ ನಡವಳಿಕೆ ಮೂರು ತೆರ. ಯಾವ ಹಂತದ ಮಾತು ಎಂದು ಗುರುತಿಸದೆ ಹೊಗಳಿಕೆಯನ್ನಾಗಲಿ ದೂರನ್ನಾಗಲಿ ತೂಗಲಾಗದು.

2. ಹಿನ್ನೆಲೆ

ಎಂಜಿನಿಯರಿಂಗ್ ವಿನ್ಯಾಸ, ಕಟ್ಟಡ ನಕ್ಷೆ, ಅನಿಮೇಷನ್, ವೈಜ್ಞಾನಿಕ ಲೆಕ್ಕಾಚಾರ ಇವುಗಳಿಗೆ ಬಳಸುವ ಲ್ಯಾಪ್‌ಟಾಪ್‌ಗಳು ಬಹುಕಾಲ ದಪ್ಪವಾಗಿಯೇ ಇದ್ದವು. ಮೂರು ಕಿಲೋ ದಾಟುವ ತೂಕ, ಇಟ್ಟಿಗೆಯಂಥ ಚಾರ್ಜರ್ ಅವುಗಳ ಜೊತೆಗೇ ಬರುತ್ತಿದ್ದವು. 2013ರಲ್ಲಿ ಡೆಲ್ ಕಂಪನಿ ಪ್ರಿಸಿಷನ್ ಎಂ3800 ಎಂಬ ಮಾದರಿಯನ್ನು ತಂದಿತು. ದಪ್ಪ ಸುಮಾರು 18 ಮಿಲಿಮೀಟರ್, ತೂಕ ಎರಡು ಕಿಲೋಗಿಂತ ಕಡಿಮೆ. 2015ರ ಕೊನೆಯಲ್ಲಿ ಎಚ್‌ಪಿ ಕಂಪನಿಯ ಝಡ್‌ಬುಕ್ ಸ್ಟುಡಿಯೋ ಇದೇ ದಾರಿ ಹಿಡಿಯಿತು. 2018ರ ಆಗಸ್ಟ್‌ನಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಪಿ1 ಬಂತು.

ಈ ಟಿಪ್ಪಣಿಗೆ ಮುಖ್ಯ ನಿದರ್ಶನವಾಗಿ ಪಿ1 ಮಾದರಿಯ ಮೊದಲ ಪೀಳಿಗೆಯನ್ನು ತೆಗೆದುಕೊಂಡಿದ್ದೇನೆ. ದಪ್ಪ 18.4 ಮಿ.ಮೀ., ತೂಕ 1.7 ಕಿಲೋದಿಂದ ಆರಂಭ. ಒಳಗೆ ಆರು ಕೋರ್‌ಗಳವರೆಗಿನ ಇಂಟೆಲ್ ಪ್ರೊಸೆಸರ್, ಬೇಕೆಂದರೆ ಝಿಯಾನ್ ಇ-2176ಎಂ. ಎನ್‌ವಿಡಿಯಾ ಕ್ವಾಡ್ರೊ ಪಿ1000 ಅಥವಾ ಪಿ2000 ಗ್ರಾಫಿಕ್ಸ್, 64 ಜಿಬಿವರೆಗೆ ರ‍್ಯಾಮ್, 80 ವಾಟ್-ಅವರ್ ಬ್ಯಾಟರಿ, 135 ವಾಟ್ ಚಾರ್ಜರ್. ಇದೇ ಕವಚದಲ್ಲಿ ಎಕ್ಸ್1 ಎಕ್ಸ್‌ಟ್ರೀಮ್ ಎಂಬ ಸೋದರ ಮಾದರಿಯೂ ಬಂತು. ಅದರಲ್ಲಿದ್ದದ್ದು ಸಾಮಾನ್ಯ ಜಿಫೋರ್ಸ್ ಗ್ರಾಫಿಕ್ಸ್. ಪಿ1ಗೆ ವರ್ಕ್‌ಸ್ಟೇಷನ್ ಎಂಬ ಪಟ್ಟ ಬಂದದ್ದು ಮುಖ್ಯವಾಗಿ ಕ್ವಾಡ್ರೊ ಡ್ರೈವರ್ ಹಾಗೂ ವಿನ್ಯಾಸ ತಂತ್ರಾಂಶಗಳ ಕಂಪನಿಗಳು ಕೊಡುವ ಪ್ರಮಾಣೀಕರಣದಿಂದ. ಶಾಖ ಹೊರಹಾಕುವ ಸಾಮರ್ಥ್ಯ ಆ ಪಟ್ಟದ ಅಳತೆಗೋಲಿನಲ್ಲಿ ಸೇರಿಲ್ಲ. ಮಾಲೀಕರ ಬಹುಪಾಲು ಬೇಸರ ಹುಟ್ಟುವುದು ಇಲ್ಲಿಯೇ.

3. ಅರ್ಧ ನಿಮಿಷ ಮತ್ತು ಅರ್ಧ ಗಂಟೆ

ಇಂಟೆಲ್‌ನ ಈ ವರ್ಗದ ಪ್ರೊಸೆಸರ್‌ಗಳಿಗೆ 45 ವಾಟ್ ಎಂಬ ಮಿತಿ ಬರೆದಿರುತ್ತದೆ. ಅದು ದೀರ್ಘಕಾಲದ ಮಿತಿ. ಇದರ ಜೊತೆಗೆ ಅಲ್ಪಕಾಲದ ಇನ್ನೊಂದು ಮಿತಿ ಇದ್ದು, ಅದು 45 ವಾಟ್‌ಗಿಂತ ಸಾಕಷ್ಟು ಮೇಲಿರುತ್ತದೆ. ಕೆಲಸ ಶುರುವಾದೊಡನೆ ಪ್ರೊಸೆಸರ್ ಆ ಮೇಲಿನ ಮಿತಿಗೆ ಏರುತ್ತದೆ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ತಯಾರಕರು ನಿಗದಿ ಮಾಡುತ್ತಾರೆ. ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು. ಆಮೇಲೆ ವಿದ್ಯುತ್ ಬಳಕೆ ಇಳಿಯುತ್ತದೆ, ಅದರ ಜೊತೆಗೆ ವೇಗವೂ ಇಳಿಯುತ್ತದೆ. ಅಷ್ಟರೊಳಗೆ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಇನ್ನೂ ಮುಂಚೆಯೇ ಇಳಿಯುತ್ತದೆ.

ಫೋಟೋ ತಿದ್ದುವವರು, ಪ್ರೋಗ್ರಾಮ್ ಬರೆದು ಆಗಾಗ ಸಣ್ಣ ಬಿಲ್ಡ್ ಮಾಡುವವರು, ಕ್ಯಾಡ್ ನಕ್ಷೆಯನ್ನು ತಿರುಗಿಸಿ ನೋಡುವವರು ದಿನವಿಡೀ ಈ ಅರ್ಧ ನಿಮಿಷದೊಳಗೇ ಇರುತ್ತಾರೆ. ಅವರ ಕೆಲಸ ತುಂಡು ತುಂಡಾಗಿ ನಡೆಯುತ್ತದೆ, ನಡುವೆ ಯಂತ್ರ ತಣ್ಣಗಾಗುತ್ತದೆ. ಅವರ ಹೊಗಳಿಕೆ ಪ್ರಾಮಾಣಿಕವಾದದ್ದು. ಮೂರು ಗಂಟೆಯ ರೆಂಡರ್ ಹಾಕುವವರಿಗೆ ಆ ಮೊದಲ ವೇಗ ಲೆಕ್ಕಕ್ಕೇ ಬರುವುದಿಲ್ಲ. ಮೇಲಾಗಿ ಇಂಥ ಬಹುತೇಕ ತೆಳು ಯಂತ್ರಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡರ ಶಾಖವನ್ನೂ ಸಾಗಿಸುವ ತಾಮ್ರದ ಕೊಳವೆಗಳು ಹಂಚಿಕೆಯಾಗಿರುತ್ತವೆ. ಎರಡೂ ಒಟ್ಟಿಗೆ ದುಡಿದಾಗ ಯಾವುದಾದರೂ ಒಂದು ಹಿಂದೆ ಸರಿಯಲೇಬೇಕು. ಅವರ ದೂರೂ ಪ್ರಾಮಾಣಿಕವಾದದ್ದೇ.

4. ಕೋಣೆಯ ಉಷ್ಣತೆ

ಮಾಲೀಕರ ಮಾತುಗಳಲ್ಲಿ ತೀರ ಕಡಿಮೆ ದಾಖಲಾಗುವ ಸಂಗತಿ ಇದು. ಫ್ಯಾನ್ ಒಳಗೆಳೆದುಕೊಳ್ಳುವುದು ಕೋಣೆಯ ಗಾಳಿಯನ್ನು. ಚಿಪ್‌ನ ಗರಿಷ್ಠ ಮಿತಿ 100 ಡಿಗ್ರಿ ಎಂದಿಟ್ಟುಕೊಳ್ಳೋಣ. ಎಸಿ ಹಾಕಿದ 23 ಡಿಗ್ರಿಯ ಕೋಣೆಯಲ್ಲಿ ಗಾಳಿಗೂ ಚಿಪ್‌ಗೂ 77 ಡಿಗ್ರಿ ಅಂತರ ಸಿಗುತ್ತದೆ. 38 ಡಿಗ್ರಿಯ ಕೋಣೆಯಲ್ಲಿ ಸಿಗುವುದು 62 ಡಿಗ್ರಿ ಮಾತ್ರ. ಹೊರಹಾಕಬಲ್ಲ ಶಾಖ ಸ್ಥೂಲವಾಗಿ ಈ ಅಂತರಕ್ಕೆ ಅನುಪಾತದಲ್ಲಿರುವುದರಿಂದ, ಅದೇ ಯಂತ್ರ ಎರಡನೇ ಕೋಣೆಯಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆ ವಿದ್ಯುತ್ತಿನಲ್ಲಿ ಓಡಬೇಕಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಎಸಿ ಇಲ್ಲದ ಮನೆಯಲ್ಲಿ ನಕ್ಷೆ ಮಾಡುವ ಸಿವಿಲ್ ಎಂಜಿನಿಯರ್ ಒಬ್ಬರು ತಂಪು ದೇಶದ ಪರೀಕ್ಷಾ ಕೋಣೆಯಲ್ಲಿ ತೆಗೆದ ಅಂಕಿಗಳನ್ನು ನಂಬಿ ಕೊಂಡರೆ ನಿರಾಶೆ ಖಚಿತ. ಬೆಂಗಳೂರಿನ ಡಿಸೆಂಬರ್ ತಿಂಗಳ ಅನುಭವವನ್ನು ಕಲಬುರಗಿಯ ಮೇ ತಿಂಗಳಿಗೆ ಅನ್ವಯಿಸುವುದೂ ಸಲ್ಲದು.

5. ಫರ್ಮ್‌ವೇರ್ ಬದಲಾದಾಗ

ಯಂತ್ರದ ಲೋಹ, ಫ್ಯಾನ್, ಚಿಪ್ ಅವೇ ಇದ್ದು ವರ್ತನೆ ಮಾತ್ರ ಬದಲಾಗುವುದಕ್ಕೆ ಎರಡು ಸ್ಪಷ್ಟ ಉದಾಹರಣೆಗಳಿವೆ.

ಮೊದಲನೆಯದು 2018ರ ಮ್ಯಾಕ್‌ಬುಕ್ ಪ್ರೊ. ಆ ವರ್ಷ ಜುಲೈ 12ರಂದು ಬಿಡುಗಡೆಯಾದ 15 ಇಂಚಿನ ಯಂತ್ರದಲ್ಲಿ ಕೋರ್ ಐ9 ಪ್ರೊಸೆಸರ್ ಇತ್ತು. ಅದರ ಮೂಲ ವೇಗ 2.9 ಗಿಗಾಹರ್ಟ್ಸ್. ದೀರ್ಘ ವಿಡಿಯೋ ರೆಂಡರ್ ಹಾಕಿದಾಗ ಅದು ಮೂಲ ವೇಗಕ್ಕಿಂತಲೂ ಕೆಳಗಿಳಿಯುತ್ತದೆ ಎಂದು ಬಳಕೆದಾರರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟರು. ಜುಲೈ 24ರಂದು ಆಪಲ್ ಕಂಪನಿ ಒಂದು ಅಪ್‌ಡೇಟ್ ಕೊಟ್ಟು, ಉಷ್ಣ ನಿರ್ವಹಣೆಗೆ ಸಂಬಂಧಿಸಿದ ಫರ್ಮ್‌ವೇರ್‌ನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತೆಂದು ವಿವರಿಸಿತು. ಹನ್ನೆರಡು ದಿನಗಳ ಅಂತರದಲ್ಲಿ ಒಂದೇ ಯಂತ್ರದ ಬಗ್ಗೆ ಎರಡು ನಿಜಗಳು ನಿಂತವು.

ಎರಡನೆಯದು ತಿರುವುಮುರುವಾದದ್ದು. ಪಿ1 ಮಾದರಿಯಂಥ ಯಂತ್ರಗಳ ಅನುಭವಸ್ಥ ಮಾಲೀಕರು ಪ್ರೊಸೆಸರ್‌ಗೆ ಹೋಗುವ ವೋಲ್ಟೇಜನ್ನು ತುಸು ತಗ್ಗಿಸಿ ಶಾಖ ಇಳಿಸುತ್ತಿದ್ದರು. ಚಿಪ್‌ನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1.1 ವೋಲ್ಟ್ ಇದ್ದದ್ದನ್ನು 1.0ಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಸುಮಾರು ಶೇ. 17ರಷ್ಟು ಉಳಿತಾಯ. ತೆಳು ಯಂತ್ರಕ್ಕೆ ಇದು ದೊಡ್ಡ ಲಾಭ. 2019ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತಿತರ ಯುರೋಪಿನ ಸಂಸ್ಥೆಗಳ ಸಂಶೋಧಕರು ಇದೇ ವೋಲ್ಟೇಜ್ ನಿಯಂತ್ರಣವನ್ನು ಬಳಸಿ ಪ್ರೊಸೆಸರ್‌ನೊಳಗಿನ ಸುರಕ್ಷಿತ ವಲಯವನ್ನು ಭೇದಿಸಬಹುದೆಂದು ತೋರಿಸಿದರು. ಆ ದಾಳಿಗೆ ಪ್ಲಂಡರ್‌ವೋಲ್ಟ್ ಎಂದು ಹೆಸರಾಯಿತು. ಪರಿಹಾರವಾಗಿ ಬಂದ ಬಯೋಸ್ ಅಪ್‌ಡೇಟ್‌ಗಳು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ನಿಯಂತ್ರಣಕ್ಕೇ ಬೀಗ ಹಾಕಿದವು. ಭದ್ರತೆಯ ದೃಷ್ಟಿಯಿಂದ ಅದು ಸಮಂಜಸ ಕ್ರಮ. ಆದರೆ ಅದಕ್ಕೆ ಮುಂಚಿನ ಮತ್ತು ನಂತರದ ಉಷ್ಣತೆಯ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವಂತಿಲ್ಲ.

6. ಒಂದು ಸಣ್ಣ ತಂತಿ

ಕೆಲವು ದೂರುಗಳ ಮೂಲ ಶಾಖದಲ್ಲಿ ಇರುವುದೇ ಇಲ್ಲ. ಡೆಲ್ ಲ್ಯಾಪ್‌ಟಾಪ್‌ಗಳ ದುಂಡು ಪಿನ್ನಿನ ಚಾರ್ಜರನ್ನು ಹತ್ತಿರದಿಂದ ನೋಡಿ: ಕೊಳವೆಯಂಥ ತುದಿಯ ನಡುವೆ ಸೂಜಿಯಷ್ಟು ಸಣ್ಣ ಪಿನ್ ಇದೆ. ಅದು ವಿದ್ಯುತ್ ಸಾಗಿಸುವುದಿಲ್ಲ. ಚಾರ್ಜರ್‌ನೊಳಗಿನ ಚಿಪ್ ತಾನು ಎಷ್ಟು ವಾಟ್‌ನದು ಎಂದು ಯಂತ್ರಕ್ಕೆ ತಿಳಿಸುವುದು ಆ ಪಿನ್ನಿನ ಮೂಲಕ. ವೈರ್ ಬಾಗುವ ಜಾಗದಲ್ಲಿ ಒಳಗಿನ ಸಣ್ಣ ತಂತಿ ತುಂಡಾದರೆ, ಅಥವಾ ಆ ಚಿಪ್ ಇಲ್ಲದ ಅಗ್ಗದ ಚಾರ್ಜರ್ ಹಾಕಿದರೆ, ಯಂತ್ರ ಚಾರ್ಜರನ್ನು ಗುರುತಿಸುವುದಿಲ್ಲ. ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗದು. ಪ್ರೊಸೆಸರ್ ತನ್ನ ಅತಿ ಕೆಳ ವೇಗದಲ್ಲಿ, ಅನೇಕ ಸಲ 800 ಮೆಗಾಹರ್ಟ್ಸ್ ಹತ್ತಿರ, ನಿಂತುಬಿಡುತ್ತದೆ.

ಇಂಥ ಹೊತ್ತಿನಲ್ಲಿ ಮಾಲೀಕರು ವಿಂಡೋಸ್ ಮತ್ತೆ ಹಾಕಿಸುತ್ತಾರೆ, ಥರ್ಮಲ್ ಪೇಸ್ಟ್ ಬದಲಿಸುತ್ತಾರೆ, ಮದರ್‌ಬೋರ್ಡ್ ಹೋಯಿತೆಂದು ಸರ್ವಿಸ್ ಸೆಂಟರ್‌ಗೆ ಓಡುತ್ತಾರೆ. ಬೇರೊಂದು ಸರಿಯಾದ ಚಾರ್ಜರ್ ಹಾಕಿ ನೋಡುವುದು ಮೊದಲ ಕೆಲಸವಾಗಬೇಕು. ಪ್ರೊಸೆಸರ್ ಬಿಸಿಯಿಲ್ಲದೆಯೇ ನಿಧಾನವಾಗಿದ್ದರೆ ಶಂಕೆ ಚಾರ್ಜರ್ ಕಡೆಗೆ ಹೋಗಲಿ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡುವವರೂ ಇದೇ ಎಚ್ಚರ ವಹಿಸಬೇಕು. 2021ರವರೆಗೆ ಆ ಮಾನದಂಡದ ಮಿತಿ 100 ವಾಟ್ ಇತ್ತು, ಆ ವರ್ಷ ಅದು 240 ವಾಟ್‌ಗೆ ಏರಿತು. 130 ವಾಟ್ ಬೇಡುವ ಹಳೆಯ ಯಂತ್ರಕ್ಕೆ 65 ವಾಟ್‌ನ ಚಾರ್ಜರ್ ಸಿಕ್ಕಿಸಿ ವೇಗವನ್ನು ಅಳೆದರೆ, ಅಳೆದಂತಾಗುವುದು ಚಾರ್ಜರನ್ನು.

7. ಮೂರನೇ ವರ್ಷ

ತೆಳು ಯಂತ್ರದಲ್ಲಿ ಬ್ಯಾಟರಿ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಶಾಖದ ಮೂಲಕ್ಕೆ ಹತ್ತಿರವೂ ಇರುತ್ತದೆ. ಲಿಥಿಯಂ ಕೋಶಗಳನ್ನು ಬಿಸಿಯಲ್ಲಿ, ಸದಾ ಶೇ. 100 ಚಾರ್ಜಿನಲ್ಲಿ ಇಟ್ಟರೆ ಒಳಗಿನ ದ್ರಾವಣ ಬೇಗ ವಿಘಟನೆಗೊಂಡು ಅನಿಲ ಹುಟ್ಟುತ್ತದೆ. ವರ್ಕ್‌ಸ್ಟೇಷನ್ ಮಾಲೀಕರು ಮಾಡುವುದು ಸರಿಯಾಗಿ ಇದನ್ನೇ: ವರ್ಷಗಟ್ಟಲೆ ಮೇಜಿನ ಮೇಲೆ, ಚಾರ್ಜರ್ ಸಿಕ್ಕಿಸಿಕೊಂಡೇ, ಭಾರಿ ಕೆಲಸ. ಟಚ್‌ಪ್ಯಾಡ್ ಕ್ಲಿಕ್ ಆಗುವುದಿಲ್ಲ ಎಂಬುದು ಮೊದಲ ಲಕ್ಷಣ. ಕೆಳಗಿನ ಬ್ಯಾಟರಿ ಉಬ್ಬಿ ಅದನ್ನು ಮೇಲಕ್ಕೆ ಒತ್ತಿರುತ್ತದೆ. ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡುವುದು ಎರಡನೆಯ ಲಕ್ಷಣ. ಇದನ್ನು ಟಚ್‌ಪ್ಯಾಡ್ ದೋಷವೆಂದು ಭಾವಿಸಿ ಒತ್ತಿ ಕೂರಿಸಲು ಹೋಗುವುದು ಅಪಾಯ. ಉಬ್ಬಿದ ಕೋಶ ಹರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಕೊಂಡ ದಿನವೇ ಬಯೋಸ್‌ನಲ್ಲೋ ತಯಾರಕರ ತಂತ್ರಾಂಶದಲ್ಲೋ ಚಾರ್ಜ್ ಮಿತಿಯನ್ನು ಶೇ. 80ರ ಹತ್ತಿರಕ್ಕೆ ಇಡುವುದು ಈ ಕಾಯಿಲೆಗೆ ಸುಲಭದ ಮುನ್ನೆಚ್ಚರಿಕೆ. ಧೂಳು ತುಂಬಿದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್ ಕೂಡ ಇದೇ ಹಂತದ ದೂರುಗಳು. ಶುಚಿ ಮಾಡಿಸಿದರೆ ಕಳೆದುಹೋದ ವೇಗದ ಬಹುಭಾಗ ಮರಳುತ್ತದೆ.

ಮೂರನೇ ವರ್ಷದ ಸಮಾಧಾನಕ್ಕೆ ಇನ್ನೊಂದು ಕಾರಣ ರ‍್ಯಾಮ್. ಪಿ1 ಮಾದರಿಯ ಮೊದಲ ಪೀಳಿಗೆಯಲ್ಲಿ ಎರಡು ರ‍್ಯಾಮ್ ಸ್ಲಾಟ್‌ಗಳಿದ್ದವು. 16 ಜಿಬಿಯಲ್ಲಿ ಕೊಂಡವರು ಕೆಲಸ ಬೆಳೆದಂತೆ 64ಕ್ಕೆ ಏರಿಸಿಕೊಂಡರು. ಆಮೇಲಿನ ವರ್ಷಗಳಲ್ಲಿ ಹಲವು ತೆಳು ಯಂತ್ರಗಳ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಯಿತು. ಇದಕ್ಕೆ ಪರ್ಯಾಯ ಹುಡುಕಿದವರೂ ತಯಾರಕರೇ. ಡೆಲ್ 2022ರಲ್ಲಿ ತಂದ ಕ್ಯಾಮ್ ಎಂಬ ಚಪ್ಪಟೆ ಮಾಡ್ಯೂಲ್‌ನ ಕಲ್ಪನೆ ಬೆಳೆದು, 2023ರ ಡಿಸೆಂಬರ್‌ನಲ್ಲಿ ಉದ್ಯಮದ ಮಾನದಂಡವಾಯಿತು. 2024ರ ಪಿ1 ಏಳನೇ ಪೀಳಿಗೆ ಅದೇ ಕುಟುಂಬದ ಎಲ್‌ಪಿಕ್ಯಾಮ್2 ಮಾಡ್ಯೂಲನ್ನು ಬಳಸಿತು. ತೆಳುವಾಗಿಯೂ ರ‍್ಯಾಮ್ ಬದಲಿಸುವಂತೆಯೂ ಯಂತ್ರ ಕಟ್ಟಬಹುದೆಂದು ಇದರಿಂದ ಸಾಬೀತಾಗಿದೆ.

8. ನಿಲುವು

ಮಾಲೀಕರ ಅನುಭವ ಅಮೂಲ್ಯವಾದ ಆಕರ. ಪ್ರಯೋಗಾಲಯದ ಪರೀಕ್ಷೆಗೆ ಮೂರು ವರ್ಷ ಕಾಯುವ ವ್ಯವಧಾನವಿಲ್ಲ, ಕಲಬುರಗಿಯ ಬೇಸಿಗೆಯೂ ಅದಕ್ಕೆ ಗೊತ್ತಿಲ್ಲ. ಆದರೆ ಆ ಅನುಭವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬೇಕಾದರೆ ಅದರ ಜೊತೆ ನಾಲ್ಕು ವಿವರಗಳಿರಬೇಕು: ಕೆಲಸ ಎಷ್ಟು ಹೊತ್ತು ಸತತವಾಗಿ ನಡೆಯಿತು, ಕೋಣೆಯ ಉಷ್ಣತೆ ಎಷ್ಟಿತ್ತು, ಚಾರ್ಜರ್ ಎಷ್ಟು ವಾಟ್‌ನದು, ಬಯೋಸ್ ಯಾವ ಆವೃತ್ತಿಯದು.

ತೆಳು ವರ್ಕ್‌ಸ್ಟೇಷನ್ ತುಂಡು ಕೆಲಸದವರಿಗೆ, ಊರೂರು ತಿರುಗುವ ವಿನ್ಯಾಸಕಾರರಿಗೆ ಒಳ್ಳೆಯ ಯಂತ್ರ. ಗಂಟೆಗಟ್ಟಲೆ ರೆಂಡರ್ ಹಾಕುವವರು ಅದೇ ದುಡ್ಡಿಗೆ ದಪ್ಪ ಲ್ಯಾಪ್‌ಟಾಪನ್ನೋ ಡೆಸ್ಕ್‌ಟಾಪನ್ನೋ ಕೊಳ್ಳುವುದು ಲೇಸು. ಎರಡರ ನಡುವೆ ಇರುವವರು ಕೊಳ್ಳುವ ಮುನ್ನ ತಮ್ಮದೇ ಒಂದು ನಿಜವಾದ ಕೆಲಸವನ್ನು ಆ ಯಂತ್ರದ ಮೇಲೆ ಅರ್ಧ ಗಂಟೆ ಬಿಡದೆ ಓಡಿಸಿ ನೋಡಲಿ. ಕೊನೆಯ ಹತ್ತು ನಿಮಿಷದಲ್ಲಿ ಸಿಗುವ ವೇಗವೇ ಅವರು ಕೊಳ್ಳುತ್ತಿರುವ ವೇಗ.