ಕಚೇರಿ ಕಸುಬಿನ ವಿದ್ಯಾರ್ಹತೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಂದು ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಂದಾಯ ದಫ್ತರಗಳಲ್ಲಿ ಲೆಕ್ಕ ಬರೆದವರ ಅರ್ಹತೆಯನ್ನು ಯಾವ ಕಾಲದಲ್ಲಿ ಯಾರು ಅಳೆದರು ಎಂದು ಹುಡುಕುತ್ತ ಹೋದರೆ, ಕೆಲಸ ಮಾಡುತ್ತ ಕಲಿತ ಕಸುಬಿನ ವಿದ್ಯೆ ಒಂದು ಕಡೆ, ಪರೀಕ್ಷೆ ಪಾಸು ಮಾಡಿ ಪಡೆದ ಶಾಲೆಯ ವಿದ್ಯೆ ಇನ್ನೊಂದು ಕಡೆ, ಹೀಗೆ ಎರಡು ದಾರಿಗಳು ಬಹುಕಾಲ ಬೇರೆ ಬೇರೆಯಾಗಿಯೇ ಸಾಗಿಬಂದಿರುವುದು ಕಾಣುತ್ತದೆ. ಆಳ್ವಿಕೆ ಬದಲಾದಾಗಲೆಲ್ಲ ಈ ಎರಡರ ಬೆಲೆಯೂ ಬದಲಾಗಿದೆ. ಒಂದು ತಲೆಮಾರು ಕಷ್ಟಪಟ್ಟು ಗಳಿಸಿದ ವಿದ್ಯೆ ಮುಂದಿನ ತಲೆಮಾರಿನ ಕಚೇರಿಗೆ ಬೇಡವಾಗಿದೆ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ಈ ಭೇದ ಸ್ಪಷ್ಟವಾಗಿತ್ತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಕೇಂದ್ರ, ಇದ್ದುದನ್ನು 1058ರ ಶಾಸನ ತಿಳಿಸುತ್ತದೆ; ಅಲ್ಲಿ ವೇದ ಮತ್ತು ಶಾಸ್ತ್ರಗಳ ಉಪಾಧ್ಯಾಯರ ಜೊತೆಗೆ ಗ್ರಂಥ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತಿ ಭಂಡಾರಿಗರಿದ್ದರು. ಆದರೆ ಊರಿನ ಲೆಕ್ಕ ಬರೆಯುತ್ತಿದ್ದ, ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನೆಂದು ತನ್ನ ಹೆಸರನ್ನು ಉಳಿಸಿಹೋಗಿರುವ ಸೇನಬೋವನು ತಯಾರಾಗುತ್ತಿದ್ದುದು ಇಂಥ ಘಟಿಕೆಯಲ್ಲಿ ಅಲ್ಲ, ಮನೆಯಲ್ಲಿ, ಹಿರಿಯರ ಪಕ್ಕದಲ್ಲಿ ಕೂತು.

ಮುಂದೆ ಬಹಮನಿ ಮತ್ತು ಆದಿಲಶಾಹಿ ಆಳ್ವಿಕೆಗಳಲ್ಲಿ ಪರ್ಷಿಯನ್ ಭಾಷೆ ದರ್ಬಾರನ್ನು ಆಳಿತಾದರೂ, ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್ ಶಾಹನು (1534–1558) ಕಂದಾಯದ ಲೆಕ್ಕಗಳನ್ನು ಪರ್ಷಿಯನ್‌ನಿಂದ ದೇಶೀಯ ಭಾಷೆಗೆ ಬದಲಾಯಿಸಿ ಬ್ರಾಹ್ಮಣ ಲೆಕ್ಕಿಗರಿಗೆ ಮಣೆ ಹಾಕಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಪರಗಣೆಯ ಮಟ್ಟದಲ್ಲಿ ದೇಶಮುಖ, ದೇಶಪಾಂಡೆ, ಊರಿನ ಮಟ್ಟದಲ್ಲಿ ಗೌಡ, ಕುಲಕರ್ಣಿ ಎಂಬ ಹುದ್ದೆಗಳು ವತನಗಳಾಗಿ, ಅಂದರೆ ತಂದೆಯಿಂದ ಮಗನಿಗೆ ಇಳಿಯುವ ಹಕ್ಕುಗಳಾಗಿ, ಬೇರೂರಿದವು. ಕುಲಕರ್ಣಿಯ ಅರ್ಹತೆ ಎಂದರೆ ಮೊದಲು ಹುಟ್ಟು, ಆಮೇಲೆ ಕೈಬರಹ: ಮೋಡಿ ಲಿಪಿಯಲ್ಲಿ ಲೇಖನಿ ಎತ್ತದೆ ಬರೆಯುವುದು, ಹೊಲದ ಅಳತೆ, ಕಂದಾಯಗಳ ಲೆಕ್ಕವನ್ನು ಬಾಯಲ್ಲಿಯೇ ಮಾಡುವುದು. ಎಕರೆ–ಗುಂಟೆ, ಆಣೆ–ಪೈಗಳು ಬಂದ ನಂತರದ ಕಾಲದ ಉದಾಹರಣೆ ಹೇಳುವುದಾದರೆ, ಏಳು ಎಕರೆ ಇಪ್ಪತ್ತು ಗುಂಟೆಯ ಹೊಲ ನಾಲ್ವರು ಅಣ್ಣತಮ್ಮಂದಿರ ನಡುವೆ ಪಾಲಾದರೆ, ಒಬ್ಬೊಬ್ಬನಿಗೆ ಒಂದು ಎಕರೆ ಮೂವತ್ತೈದು ಗುಂಟೆ ಬರುತ್ತದೆಂದು ಹೇಳುವುದಷ್ಟೇ ಸಾಲದು; ಆ ಹೊಲದ ಆಕಾರವನ್ನು, ಅಂದರೆ ಸರ್ಕಾರ ಗೊತ್ತುಮಾಡಿದ ಕಂದಾಯವನ್ನು, ಪೈ ತಪ್ಪದಂತೆ ನಾಲ್ಕು ಹಿಸ್ಸೆಗಳಿಗೂ ಹಂಚಿ ತೋರಿಸಬೇಕಿತ್ತು. ಈ ಗಣಿತವನ್ನು ಹುಡುಗ ಕಲಿಯುತ್ತಿದ್ದುದು ಮನೆಯ ದಫ್ತರದ ಗಂಟಿನಿಂದ. ಇದು ನಿಜವಾದ ವಿದ್ಯೆಯೇ ಆಗಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಊರಿನ ಹೆಚ್ಚು ಪಾಲು ಜಾತಿಗಳಿಗೂ ಎಲ್ಲ ಹೆಣ್ಣುಮಕ್ಕಳಿಗೂ ಆ ಗಂಟು ಬಿಚ್ಚಲೇ ಇಲ್ಲ ಎಂಬುದನ್ನು ಮರೆತು ಈ ಪರಂಪರೆಯನ್ನು ಹೊಗಳುವುದು ನ್ಯಾಯವಲ್ಲ.

ಮುಂದೆ ಈ ಭಾಗ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಅದರ ದಿವಾನ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಕಂದಾಯದ ಗುತ್ತಿಗೆಯನ್ನು ತೆಗೆದುಹಾಕಿ ಜಿಲಾಬಂದಿಯನ್ನು, ಅಂದರೆ ಜಿಲ್ಲೆ–ತಾಲ್ಲೂಕುಗಳ ವ್ಯವಸ್ಥೆಯನ್ನು, ತಂದಾಗ ಸಂಬಳದ ನೌಕರಶಾಹಿ ಹುಟ್ಟಿಕೊಂಡಿತು. ದೇಶಮುಖ, ದೇಶಪಾಂಡೆಗಳು ಕೆಲಸ ಕಳೆದುಕೊಂಡು ರುಸುಮಿಗೆ, ಅಂದರೆ ಗೊತ್ತುಪಡಿಸಿದ ಗೌರವಧನಕ್ಕೆ, ತೃಪ್ತರಾಗಬೇಕಾಯಿತು. ಊರಿನ ಪಟವಾರಿ, ಅಂದರೆ ಕುಲಕರ್ಣಿ, ಮಾತ್ರ ವತನದಾರನಾಗಿಯೇ ಉಳಿದು, ಅವನ ಮೇಲೆ ಗಿರ್ದಾವರ್, ಪೇಶ್ಕಾರ್, ತಹಸೀಲ್ದಾರ್ ಎಂಬ ನೇಮಕದ ಅಧಿಕಾರಿಗಳು ಬಂದರು. ಇಂದಿನ ಜೇವರ್ಗಿ ಭಾಗ ಆಗ ಅಂದೋಲಾ ತಾಲ್ಲೂಕಾಗಿತ್ತು; ಆಳಂದವಾದರೋ ಪಾಯಗಾ, ಅಂದರೆ ನಿಜಾಮನ ದೊಡ್ಡ ಸರದಾರ ಮನೆತನದ ಜಹಗೀರು, ಆಗಿದ್ದುದರಿಂದ ಅಲ್ಲಿನ ನೇಮಕಗಳು ಪಾಯಗಾದ ಕೈಯಲ್ಲಿದ್ದವು. 1880ರ ದಶಕದಲ್ಲಿ ಪರ್ಷಿಯನ್ ಹೋಗಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಚೇರಿಯ ಮೇಲ್ದರ್ಜೆಗೆ ಏರುವ ದಾರಿ ಹೆಚ್ಚಾಗಿ ಉರ್ದು ಪದವಿಯ ಮೂಲಕ ಹಾದುಹೋಯಿತು. ಸಂಸ್ಥಾನದಲ್ಲಿ ಹುಟ್ಟಿದ ಅಥವಾ ಅಲ್ಲಿ ಹದಿನೈದು ವರ್ಷ ನೆಲೆಸಿದ ಮುಲ್ಕಿಗಳಿಗಷ್ಟೇ, ಅಂದರೆ ಸ್ಥಳೀಯರಿಗಷ್ಟೇ, ನೌಕರಿ ಎಂದು ಹೇಳುತ್ತಿದ್ದ ಮುಲ್ಕಿ ನಿಯಮಗಳು ಹೊರಗಿನವರನ್ನು ತಡೆದವೇ ಹೊರತು, ಕನ್ನಡವನ್ನಷ್ಟೇ ಬಲ್ಲ ಮುಲ್ಕಿಯವನಿಗೆ ಬಾಗಿಲು ತೆರೆಯಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿಯೇ ಆರಂಭವಾಗಿದ್ದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, ಮರುವರ್ಷ ಜಹಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯದ ಭಾಗವಾದವು. ಆಗ ಎದ್ದ ತೊಡಕೇ ಈ ಚರಿತ್ರೆಯ ಅತ್ಯಂತ ಕುತೂಹಲದ ಅಧ್ಯಾಯ. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ಗುಮಾಸ್ತರು ಒಂದೇ ರಾಜ್ಯದ ನೌಕರರಾದಾಗ, ಯಾರ ಹುದ್ದೆ ಯಾರ ಹುದ್ದೆಗೆ ಸಮ, ಯಾರು ಯಾರಿಗಿಂತ ಹಿರಿಯ ಎಂಬುದನ್ನು ತೀರ್ಮಾನಿಸಲೇಬೇಕಾಯಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮಿನ ಅಡಿ ಕೇಂದ್ರ ಸರ್ಕಾರ ನಡೆಸಿದ ಈ ಹುದ್ದೆಗಳ ಸಮೀಕರಣಕ್ಕೆ ನಾಲ್ಕು ಅಂಶಗಳನ್ನು ಗೊತ್ತುಮಾಡಲಾಯಿತು: ಹುದ್ದೆಯ ಸ್ವರೂಪ ಮತ್ತು ಕರ್ತವ್ಯ, ಅದರ ಹೊಣೆ ಮತ್ತು ಅಧಿಕಾರ, ನೇಮಕಕ್ಕೆ ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ. ವಿದ್ಯಾರ್ಹತೆ ಈ ನಾಲ್ಕರಲ್ಲಿ ಒಂದು ಮಾತ್ರ, ಅದೂ ಮೂರನೆಯದು, ಎಂಬುದು ಗಮನಿಸತಕ್ಕದ್ದು. ಮಾಡಿದ ಕೆಲಸಕ್ಕೆ ಓದಿಗಿಂತ ಹೆಚ್ಚು ತೂಕ ಕೊಟ್ಟ ಈ ತತ್ವ ವಿವೇಕದ್ದಾಗಿತ್ತು. ಆದರೂ ಜ್ಯೇಷ್ಠತಾ ಪಟ್ಟಿಗಳ ವ್ಯಾಜ್ಯಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು, ಮತ್ತು ಉರ್ದುವಿನಲ್ಲಿ ಮಿಸಲು, ಅಂದರೆ ಕಡತ, ಬರೆದು ಪಳಗಿದ್ದ ಕೈಗಳು ನಡುವಯಸ್ಸಿನಲ್ಲಿ ಕನ್ನಡ, ಇಂಗ್ಲಿಷ್ ಟಿಪ್ಪಣಿಗಳನ್ನು ಹೊಸದಾಗಿ ಕಲಿಯಬೇಕಾಯಿತು.

ವತನದ ಕೊಂಡಿ ಕಳಚಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂದು, 1966ರಲ್ಲಿ ಸುಪ್ರೀಂ ಕೋರ್ಟಿನ ಪರೀಕ್ಷೆಯನ್ನೂ ಗೆದ್ದಿತು. ಪಟವಾರಿಯ ಜಾಗಕ್ಕೆ ಪರೀಕ್ಷೆ ಪಾಸಾದ ಗ್ರಾಮ ಲೆಕ್ಕಿಗ ಬಂದ. ಹುಟ್ಟಿನ ಅರ್ಹತೆ ಹೋಗಿ ಪ್ರಮಾಣಪತ್ರದ ಅರ್ಹತೆ ಬಂದುದು ಈ ಮೂರು ತಾಲ್ಲೂಕುಗಳ ಸಾಮಾಜಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಎಸ್ಸೆಸ್ಸೆಲ್ಸಿಯ ಪಠ್ಯದಲ್ಲಿ ಪಹಣಿ ಬರೆಯುವುದನ್ನು ಕಲಿಸುತ್ತಿರಲಿಲ್ಲವಾದ್ದರಿಂದ, ಕಸುಬಿನ ವಿದ್ಯೆಯನ್ನು ನೇಮಕದ ನಂತರ ತುಂಬಿಕೊಡಲು ಅಕೌಂಟ್ಸ್ ಹೈಯರ್, ಜನರಲ್ ಲಾ ಮುಂತಾದ ಇಲಾಖಾ ಪರೀಕ್ಷೆಗಳು ಬೇಕಾದವು. ಮುಂಬಡ್ತಿಯ ದಾರಿ ಇವುಗಳ ಮೂಲಕವೇ ಸಾಗುತ್ತದೆ.

ಬೆರಳಚ್ಚು, ಶೀಘ್ರಲಿಪಿಗಳದು ಬೇರೆಯೇ ಏಣಿ. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕಾಲೇಜಿನ ಹಂಗಿರಲಿಲ್ಲ. ಬಡಾವಣೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ದಿನಕ್ಕೊಂದು ಗಂಟೆ ಕೂತು ಕಲಿತ ಹುಡುಗಿಯೂ ಸರ್ಕಾರಿ ಕಚೇರಿಯ ಕುರ್ಚಿಗೆ ಅರ್ಹಳಾದಳು. ಸೆಕ್ರೆಟೇರಿಯಲ್ ಪ್ರಾಕ್ಟೀಸ್ ಡಿಪ್ಲೊಮಾವನ್ನು ಸೀನಿಯರ್ ಪರೀಕ್ಷೆಗೆ ಸಮವೆಂದು ನೇಮಕಾತಿ ನಿಯಮಗಳು ಒಪ್ಪಿದವು. 1977ರಲ್ಲಿ ಪಿಯುಸಿ ಮಟ್ಟದಲ್ಲಿ ವೃತ್ತಿಶಿಕ್ಷಣ ಕೋರ್ಸುಗಳು ಆರಂಭವಾದವು. ಜೆಒಸಿ ಎಂದು ಜನ ಕರೆದ ಈ ಎರಡು ವರ್ಷದ ಡಿಪ್ಲೊಮಾವನ್ನೂ ಎರಡು ವರ್ಷದ ಐಟಿಐಯನ್ನೂ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾವನ್ನೂ ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೆ ಪಿಯುಸಿಯ ತತ್ಸಮಾನವೆಂದು ಇತ್ತೀಚಿನ ಅಧಿಸೂಚನೆಗಳು ಎಣಿಸುತ್ತವೆ. ಪ್ರಥಮ ದರ್ಜೆ ಸಹಾಯಕನಿಗಾದರೋ ನೇರ ನೇಮಕದಲ್ಲಿ ಪದವಿ ಬೇಕು. ಅದೇ ಕುರ್ಚಿಗೆ ದ್ವಿತೀಯ ದರ್ಜೆಯವನು ಸೇವಾ ಹಿರಿತನದಿಂದಲೂ ತಲುಪಬಲ್ಲ. ಶಾಲೆಯ ವಿದ್ಯೆ, ಕಸುಬಿನ ವಿದ್ಯೆ ಎಂಬ ಎರಡು ದಾರಿಗಳು ನಿಜವಾಗಿ ಕೂಡುವುದು ಇಲ್ಲಿ.

ಸಂವಿಧಾನದ 371ಜೆ ವಿಧಿಯ ಅಡಿ 2013ರಲ್ಲಿ ಹೊರಟ ಆದೇಶ ಈ ಭಾಗದ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80ನ್ನು ಸ್ಥಳೀಯರಿಗೆ ಮೀಸಲಿಟ್ಟಿತು. 2012ರ ನಿಯಮಗಳು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಸೇರಿಸಿದವು. 2024ರಲ್ಲಿ ರಾಜ್ಯದ 1000 ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗ) ಹುದ್ದೆಗಳಿಗೆ ಅರ್ಜಿ ಕರೆದಾಗ ಪಿಯುಸಿಯ ಜೊತೆಗೆ ಕಡ್ಡಾಯ ಕನ್ನಡ ಪರೀಕ್ಷೆಯೂ ಇತ್ತು. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಜಮೀನಿನ ತಕರಾರು ಹಳೆಯ ಕಾಲಕ್ಕೆ ಹೋದಾಗ ಬೇಕಾಗುವ ಸೇತ್ವಾರ್, ಅಂದರೆ ನಿಜಾಮ ಕಾಲದ ಸರ್ವೆ ಮತ್ತು ಕಂದಾಯ ನಿಗದಿಯ ಮೂಲ ವಹಿ, ಉರ್ದುವಿನಲ್ಲಿದೆ. ಅದಕ್ಕೂ ಹಿಂದಿನ ಎಷ್ಟೋ ಕಾಗದಗಳು ಮೋಡಿಯಲ್ಲಿವೆ. ಇವನ್ನು ಓದಬಲ್ಲವರು ವಯಸ್ಸಾದವರು, ಕೆಲವೇ ಮಂದಿ. ಕಂದಾಯ ದಾಖಲೆಗಳ ಉರ್ದು ಮತ್ತು ಮೋಡಿಯನ್ನು ಕಲಿಸುವ ಒಂದು ಸಣ್ಣ ಕೋರ್ಸನ್ನು ಕಲಬುರಗಿಯಲ್ಲಿ ನಡೆಸಿ, ಅದನ್ನು ಇಲಾಖಾ ಪರೀಕ್ಷೆಯ ಸಾಲಿಗೆ ಸೇರಿಸಿದರೆ ತಹಸೀಲು ಕಚೇರಿಯ ದಾಖಲೆ ಕೋಣೆಗೂ, ಅಲ್ಲಿಗೆ ಅರ್ಜಿ ಹಿಡಿದು ಬರುವ ರೈತನಿಗೂ ಅದು ನೇರವಾಗಿ ಒದಗುತ್ತದೆ.