ಹಳೆಯ ನಾಣ್ಯಗಳಿಗೆ ದರ್ಜೆಪತ್ರ: ಯಾವ ಸೇವೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಪುಣೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ದೇವರ ಪೆಟ್ಟಿಗೆಗಳಲ್ಲಿ ಒಂದಿಷ್ಟು ಹಳೆಯ ನಾಣ್ಯಗಳು ಇದ್ದೇ ಇರುತ್ತವೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಅಜ್ಜಿಯ ಕಾಸಿನ ಸರದಿಂದ ಕಳಚಿದ ಒಂದು ಕಾಸು, ಮೈಸೂರಿನ ಕಡೆಯಿಂದ ಬಂದ ಪುಟ್ಟ ಕಂಠೀರಾಯಿ ಹಣ, ಇಲ್ಲಿಯ ಪೇಶ್ವೆಯರ ಕಾಲದ ಅಂಕುಶಿ ರೂಪಾಯಿ. ಹಿರಿಯರು ಇರುವ ತನಕ ಇವು ಪೂಜೆಯ ವಸ್ತುಗಳು. ಅವರು ಕಾಲವಾದ ಮೇಲೆ ಪಾಲಿನ ಮಾತು ಬರುತ್ತದೆ, ಆಗ "ಇವುಗಳ ಬೆಲೆ ಎಷ್ಟು?" ಎಂಬ ಪ್ರಶ್ನೆಯೂ ಏಳುತ್ತದೆ. ಇತ್ತೀಚೆಗೆ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದು ದೊರೆಯುತ್ತಿದೆ: "ಗ್ರೇಡಿಂಗ್ ಮಾಡಿಸಿ." ಈ ಸೇವೆ ಎಂದರೇನು, ಅದನ್ನು ಅಳೆಯುವ ಬಗೆ ಹೇಗೆ ಎಂಬುದನ್ನು ನಾವು ಇಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಿದ್ದೇವೆ.

ದರ್ಜೆಯ ಹಿನ್ನೆಲೆ

ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಆ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದರು. 70 ಅಂಕದ ನಾಣ್ಯವು 1 ಅಂಕದ ನಾಣ್ಯದ ಎಪ್ಪತ್ತು ಪಟ್ಟು ಬೆಲೆಯುಳ್ಳದ್ದು ಎಂಬುದು ಅವರ ಮೂಲ ಲೆಕ್ಕ. ಬೆಲೆಯ ಲೆಕ್ಕ ಹಿಂದೆ ಸರಿಯಿತು, ಅಂಕಗಳು ಉಳಿದವು. 1980ರ ದಶಕದ ನಡುವಿನಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಅಮೆರಿಕದ ಸಂಸ್ಥೆಗಳು ಸ್ಥಾಪನೆಗೊಂಡು ಈ ಕಾರ್ಯವನ್ನು ವೃತ್ತಿಯಾಗಿ ಬೆಳೆಸಿದವು. ಪರಿಣತರು ನಾಣ್ಯವನ್ನು ಪರೀಕ್ಷಿಸಿ, ಒಮ್ಮತದ ಅಂಕ ನೀಡಿ, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ, ಕ್ರಮಸಂಖ್ಯೆಯೊಡನೆ ಹಿಂದಿರುಗಿಸುತ್ತಾರೆ. 60ರಿಂದ 70ರವರೆಗಿನ ಅಂಕಗಳು ಚಲಾವಣೆಯಲ್ಲಿ ಸವೆಯದ ನಾಣ್ಯಗಳಿಗೆ ಮೀಸಲು.

ಈ ಅಂಕವು ನಾಣ್ಯದ ಸ್ಥಿತಿಯನ್ನು ಕುರಿತ ಒಂದು ಅಭಿಪ್ರಾಯ ಮಾತ್ರ, ಬೆಲೆಯ ಪತ್ರವಲ್ಲ. ಅದೇ ನಾಣ್ಯವನ್ನು ಮತ್ತೊಮ್ಮೆ ಕಳುಹಿಸಿದರೆ ಒಂದೆರಡು ಅಂಕ ಏರುಪೇರಾಗುವುದುಂಟು. ಸಾಮಾನ್ಯವಾಗಿ ದೊರೆಯುವ ನಾಣ್ಯವು ಎಷ್ಟೇ ಅಂಕ ಪಡೆದರೂ ಅಪರೂಪದ್ದಾಗುವುದಿಲ್ಲ.

ಹುಣಸೆಹಣ್ಣಿನ ಹೊಳಪು

ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿ ವ್ರತಕ್ಕೂ ದೀಪಾವಳಿಯ ಲಕ್ಷ್ಮೀಪೂಜೆಗೂ ಬೆಳ್ಳಿ ನಾಣ್ಯಗಳನ್ನು ಹುಣಸೆಹಣ್ಣು, ವಿಭೂತಿಗಳಿಂದ ತಿಕ್ಕಿ ತೊಳೆಯುವುದು ವಾಡಿಕೆ. ಭಕ್ತಿಯ ದೃಷ್ಟಿಯಿಂದ ಇದು ಸರಿ, ಆದರೆ ನಾಣ್ಯಶಾಸ್ತ್ರದ ದೃಷ್ಟಿಯಿಂದ ದೊಡ್ಡ ನಷ್ಟ. ತಿಕ್ಕಿದ ಗೆರೆಗಳು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹಾಗೆಯೇ ಕಾಸಿನ ಸರಕ್ಕಾಗಿ ಕೊಂಡಿ ಬೆಸೆದು ತೆಗೆದ ಗುರುತು ಅಂಚಿನಲ್ಲಿ ಉಳಿಯುತ್ತದೆ. ಇಂತಹ ನಾಣ್ಯಗಳಿಗೆ ಪ್ರಮುಖ ಸಂಸ್ಥೆಗಳು ಸಾಮಾನ್ಯವಾಗಿ ಅಂಕ ಕೊಡದೆ, "ಅಸಲಿ, ಆದರೆ ತೊಳೆಯಲ್ಪಟ್ಟಿದೆ" ಎಂಬರ್ಥದ ಟಿಪ್ಪಣಿ ಬರೆದು ಹಿಂದಿರುಗಿಸುತ್ತವೆ. ಶುಲ್ಕವಂತೂ ತೆರಲೇಬೇಕು. ಆದ್ದರಿಂದ ಕಪ್ಪಾದ ನಾಣ್ಯವನ್ನು ಹಾಗೆಯೇ ಬಿಡುವುದು ಮೊದಲ ಪಾಠ. ಪೂಜೆಗೆ ಬೇರೆ ನಾಣ್ಯಗಳನ್ನು ಇಟ್ಟುಕೊಳ್ಳಬಹುದು.

ಸೇವೆಯನ್ನು ಅಳೆಯುವ ಬಗೆ

1. ಸ್ವಾತಂತ್ರ್ಯ: ದರ್ಜೆ ಕೊಡುವವರು ತಾವೇ ನಾಣ್ಯ ವ್ಯಾಪಾರ ಮಾಡಬಾರದು. ಮಾರುವವನೇ ಪರೀಕ್ಷಕನಾದರೆ ಪರೀಕ್ಷೆಗೆ ಅರ್ಥವಿಲ್ಲ.

2. ಖಾತರಿ: ನಾಣ್ಯ ನಕಲಿ ಎಂದು ಮುಂದೆ ತಿಳಿದುಬಂದರೆ ಪರಿಹಾರ ಯಾರು ಕೊಡುವರು, ಎಷ್ಟು ಕೊಡುವರು ಎಂಬುದು ಬರಹದಲ್ಲಿರಬೇಕು.

3. ಪರಿಶೀಲನೆ: ಕವಚದ ಕ್ರಮಸಂಖ್ಯೆಯನ್ನು ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಸಾಧ್ಯವಾದಲ್ಲಿ ಛಾಯಾಚಿತ್ರದೊಡನೆ ಹೋಲಿಸಬೇಕು. ನಕಲಿ ಕವಚಗಳೂ ಮಾರುಕಟ್ಟೆಗೆ ಬಂದಿವೆ. ಸಂಖ್ಯೆ ಸರಿಯಿದ್ದು ನಾಣ್ಯ ಬೇರೆಯಾಗಿರಬಹುದು.

4. ಭಾರತೀಯ ನಾಣ್ಯಗಳ ಜ್ಞಾನ: ಇದೇ ಎಲ್ಲಕ್ಕಿಂತ ಮುಖ್ಯ. 1862ರ ರೂಪಾಯಿಯನ್ನೇ ತೆಗೆದುಕೊಳ್ಳಿ. ಅದೇ ಇಸವಿಯನ್ನು ಉಳಿಸಿಕೊಂಡು ಅದನ್ನು ಹಲವು ವರ್ಷ ಟಂಕಿಸಲಾಯಿತು. ಮುಂಬಯಿ ಟಂಕಸಾಲೆಯ ನಾಣ್ಯಗಳಲ್ಲಿ ಚುಕ್ಕೆಗಳ ಸಂಖ್ಯೆಯಿಂದ ಭೇದಗಳನ್ನು ಗುರುತಿಸಬೇಕು. ಕಂಠೀರಾಯಿ ಹಣವು ಕಂಠೀರವ ನರಸರಾಜ ಒಡೆಯರ ಹೆಸರಿನದಾದರೂ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ಅದೇ ಹೆಸರಿನ ಹಣಗಳು ಹೊರಬಂದವು. ಅಂಕುಶಿ ರೂಪಾಯಿ, ವಿಜಯನಗರದ ವರಾಹಗಳು ಕೈಯಿಂದ ಟಂಕಿಸಿದವು. ಅವುಗಳಲ್ಲಿ ಅಚ್ಚಿನ ಅರ್ಧ ಭಾಗ ಹೊರಗೆ ಉಳಿಯುವುದು ಸಹಜ. ಯಂತ್ರದ ನಾಣ್ಯಕ್ಕೆಂದು ಹುಟ್ಟಿದ 70ರ ಅಳತೆ ಇವುಗಳಿಗೆ ಸರಿಹೊಂದುವುದಿಲ್ಲ. ಎನ್.ಜಿ.ಸಿ. ಸಂಸ್ಥೆಯೇ ಪ್ರಾಚೀನ ನಾಣ್ಯಗಳಿಗೆ 70ರ ಬದಲು ಅಚ್ಚಿಗೆ ಐದು, ಮೇಲ್ಮೈಗೆ ಐದು ಎಂಬ ಬೇರೆ ಅಳತೆಯನ್ನು ಬಳಸುತ್ತದೆ.

5. ವೆಚ್ಚ: ಶುಲ್ಕ, ಸಾಗಣೆ, ವಿಮೆ ಎಲ್ಲವನ್ನೂ ಕೂಡಿಸಿ ನೋಡಬೇಕು. ಬಹಳಷ್ಟು ಸವೆದ ಸಾಮಾನ್ಯ ರೂಪಾಯಿಗೆ ಇಷ್ಟು ಖರ್ಚು ಮಾಡುವುದು ವ್ಯರ್ಥ.

ಕಾನೂನಿನ ಗೆರೆ

ಬಹುಮಂದಿ ಅರಿಯದ ಸಂಗತಿಯೊಂದಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪುರಾತನ ವಸ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಉಲ್ಲಂಘಿಸಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ ಉಂಟು. ವಿಕ್ಟೋರಿಯಾ, ಏಳನೆಯ ಎಡ್ವರ್ಡ್ ಇವರ ಎಲ್ಲ ನಾಣ್ಯಗಳೂ ಈ ವಯಸ್ಸನ್ನು ದಾಟಿವೆ. ಐದನೆಯ ಜಾರ್ಜ್‌ನ 1911ರ ರೂಪಾಯಿಯೂ ದಾಟಿದೆ. "ದರ್ಜೆಗಾಗಿ ಹೋಗಿ ಹಿಂದಿರುಗುತ್ತದಲ್ಲ" ಎಂಬ ಸಮಾಧಾನವನ್ನು ನಂಬಿ ಅಂಚೆಯಲ್ಲಿ ಹಾಕಬಾರದು. ಅಮೆರಿಕದಲ್ಲಿರುವ ಮಗನ ಪೆಟ್ಟಿಗೆಯಲ್ಲಿ ಅಜ್ಜನ ನಾಣ್ಯವನ್ನು ಇಟ್ಟು ಕಳುಹಿಸುವುದೂ ಇದೇ ಗೆರೆಯ ಆಚೆಗಿನ ಕೆಲಸ. ನಾಣ್ಯವನ್ನು ಸ್ವೀಕರಿಸುವ ಮಧ್ಯಸ್ಥರನ್ನು, ಪರೀಕ್ಷೆ ಯಾವ ದೇಶದಲ್ಲಿ ನಡೆಯುತ್ತದೆ ಎಂದು ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ಇಲ್ಲಿಯೇ ಮಾಡಬಹುದಾದದ್ದು

ಮೊದಲು ಮನೆಯಲ್ಲಿಯೇ ತೂಗಿ ನೋಡಿ. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯ ಪ್ರಮಾಣ ಶೇಕಡ 91.7. ಸವೆತದಿಂದ ತುಸು ಕಡಿಮೆಯಾಗಬಹುದು. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. 1939ರ ಬೆಳ್ಳಿ ರೂಪಾಯಿ ಬಹು ಅಪರೂಪ. ಅಂತಹುದು ಕೈಗೆ ಬಂದರೆ ಹರ್ಷಕ್ಕಿಂತ ಮೊದಲು ಸಂಶಯವಿರಲಿ. ಜುನಾ ಬಜಾರಿನಲ್ಲಿ ಕೊಂಡದ್ದಾದರೆ ಸಂಶಯ ಇಮ್ಮಡಿಯಾಗಲಿ.

ಬಳಿಕ ತಿಳಿದವರನ್ನು ಕೇಳಿ. ನಾಶಿಕದ ಬಳಿಯ ಅಂಜನೇರಿಯಲ್ಲಿ ನಾಣ್ಯಶಾಸ್ತ್ರದ ಅಧ್ಯಯನಕ್ಕೆಂದೇ ಸಂಶೋಧನ ಸಂಸ್ಥೆಯೊಂದಿದೆ. ನಮ್ಮ ಊರಿನಲ್ಲಿ 1910ರಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳಿಯು ಮರಾಠರ ಕಾಲದ ಅಧ್ಯಯನಕ್ಕೆ ಹೆಸರಾದದ್ದು. ಕನ್ನಡನಾಡಿನ ನಾಣ್ಯಗಳ ಬಗ್ಗೆ ಡಾ. ಎ. ವಿ. ನರಸಿಂಹಮೂರ್ತಿಯವರ ಗ್ರಂಥಗಳು ಇಂದಿಗೂ ದಾರಿದೀಪ.

ಕೊನೆಯದಾಗಿ ಒಂದು ಮಾತು. ಯಾವ ನಾಣ್ಯ ಯಾರಿಂದ ಬಂತು, ಯಾವ ಊರಿನದು, ಯಾವ ಸಂದರ್ಭದ್ದು ಎಂಬುದನ್ನು ಹಿರಿಯರು ಇರುವಾಗಲೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕವಚದೊಳಗಿನ ಅಂಕವನ್ನು ಹಣ ಕೊಟ್ಟು ಎಂದಾದರೂ ಪಡೆಯಬಹುದು, ಆದರೆ ಆ ಚೀಟಿಯನ್ನು ಬರೆಯಬಲ್ಲವರು ಮನೆಯ ಹಿರಿಯರು ಮಾತ್ರ.