ಟ್ರೇಲರಿನ ಬೆನ್ನ ಮೇಲಿನ ಕೆಂಪು ಚುಕ್ಕೆ

ರಾತ್ರಿ ಹೆದ್ದಾರಿಯಲ್ಲಿ ಹೋಗುವವರಿಗೆ ಮುಂದಿರುವ ಲಾರಿ ಕಾಣುವುದಿಲ್ಲ. ಕಾಣುವುದು ಅದರ ಬೆನ್ನ ಮೇಲಿನ ಎರಡು ಕೆಂಪು ಚುಕ್ಕೆ. ಆ ಚುಕ್ಕೆಗಳ ನಡುವಣ ಅಂತರ ನೋಡಿಯೇ ಹಿಂದಿನ ಚಾಲಕ ವಾಹನ ಎಷ್ಟು ಅಗಲ, ಎಷ್ಟು ದೂರ ಎಂದು ಅಂದಾಜು ಮಾಡುತ್ತಾನೆ. ಒಂದು ಚುಕ್ಕೆ ಆರಿದ್ದರೆ ಟ್ರೇಲರು ಮೋಟಾರ್ ಸೈಕಲ್ ಆಗಿಬಿಡುತ್ತದೆ. ಎರಡೂ ಆರಿದ್ದರೆ ಅಲ್ಲಿ ಬರೀ ರಸ್ತೆ.

ವಾಹನದ ದೀಪಗಳಲ್ಲಿ ಎರಡು ಜಾತಿ. ದಾರಿ ಕಾಣಲು ಹಚ್ಚುವುದು ಒಂದು, ತಾನಿದ್ದೇನೆಂದು ಪರರಿಗೆ ತಿಳಿಸಲು ಹಚ್ಚುವುದು ಇನ್ನೊಂದು. ನಮ್ಮ ಎತ್ತಿನ ಗಾಡಿಯ ಅಡಿಯಲ್ಲಿ ತೂಗಾಡುತ್ತಿದ್ದ ಲಾಟೀನು ಬಹುಮಟ್ಟಿಗೆ ಎರಡನೆಯ ಜಾತಿಯದು. ಎತ್ತುಗಳಿಗೆ ದಾರಿ ಗೊತ್ತಿತ್ತು. ಗಾಡಿಯವ ತೂಕಡಿಸಿದರೂ ಅವು ಮನೆ ಸೇರಿಸುತ್ತಿದ್ದವು. ಲಾಟೀನು ಉರಿಯುತ್ತಿದ್ದುದು ಎದುರಿನಿಂದ, ಹಿಂದಿನಿಂದ ಬರುವವರ ಸಲುವಾಗಿ.

ಈ ಎರಡನೆಯ ಜಾತಿಯ ದೀಪಕ್ಕೆ ಬಣ್ಣದ ವ್ಯಾಕರಣ ಬಂದದ್ದು ಸಮುದ್ರದ ಮೇಲೆ. 1848ರಲ್ಲಿ ಬ್ರಿಟನ್ ತನ್ನ ಹಬೆ ಹಡಗುಗಳಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕೂವೆಮರದ ಮೇಲೆ ಬಿಳಿ ದೀಪ ಇರಬೇಕೆಂದು ನಿಯಮ ಮಾಡಿತು. ಕತ್ತಲಲ್ಲಿ ಕಾಣುವ ಬಣ್ಣ ನೋಡಿ ಹಡಗು ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳಬಹುದಿತ್ತು. ರಸ್ತೆಯಲ್ಲೂ ಇದೇ ತರ್ಕ: ಬಿಳಿ ಎಂದರೆ ಎದುರು ಬರುತ್ತಿದೆ, ಕೆಂಪು ಎಂದರೆ ಮುಂದೆ ಹೋಗುತ್ತಿದೆ ಅಥವಾ ನಿಂತಿದೆ.

ಆದರೆ ಉದ್ದನೆಯ ಟ್ರೇಲರಿಗೆ ಇಷ್ಟು ಸಾಲದು. ಅದು ಅಡ್ಡರಸ್ತೆಯಿಂದ ತಿರುಗುವಾಗ ಎದುರಿಗೆ ಬರುವುದು ಅದರ ಮಗ್ಗುಲು, ಅಲ್ಲಿ ದೀಪವೇ ಇಲ್ಲ. ಅಮೆರಿಕ ಇದನ್ನು ಕಾನೂನಿಗೆ ತಂದದ್ದು 1968ರ ಜನವರಿಯಲ್ಲಿ. ಸುಮಾರು 2 ಮೀಟರಿಗಿಂತ ಅಗಲವಾದ ವಾಹನಗಳಿಗೆ ಮಗ್ಗುಲ ಗುರುತು ದೀಪ ಕಡ್ಡಾಯವಾಯಿತು: ಮುಂಭಾಗದಲ್ಲಿ ಕಿತ್ತಳೆ, ಹಿಂಭಾಗದಲ್ಲಿ ಕೆಂಪು, ಉದ್ದ 30 ಅಡಿ ಮುಟ್ಟಿದರೆ ನಡುವೆ ಇನ್ನೊಂದು ಕಿತ್ತಳೆ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆಂದು ವಿಧಿಸಿದವು. ಗಂಟೆಗೆ 80 ಕಿ.ಮೀ. ವೇಗದ ಕಾರು ಅಷ್ಟು ದೂರವನ್ನು 7 ಸೆಕೆಂಡಿನಲ್ಲಿ ಮುಗಿಸುತ್ತದೆ.

ಕಾನೂನು ಬಂದರೂ ಬಲ್ಬು ಉಳಿಯಬೇಕಲ್ಲ! ಕೂದಲೆಳೆಯ ಟಂಗ್‌ಸ್ಟನ್ ತಂತಿ ಟ್ರೇಲರಿನ ಕುಲುಕಾಟವನ್ನು ಎಷ್ಟು ದಿನ ತಾಳೀತು? ಬ್ಯಾಟರಿಯಿಂದ ಬಾಲದ ತನಕ ಹತ್ತಾರು ಮೀಟರ್ ತೆಳು ವೈರಿನಲ್ಲಿ ಹರಿದು ಬರುವಷ್ಟರಲ್ಲಿ ವೋಲ್ಟೇಜು ಕುಗ್ಗಿ, ಉರಿಯುವ ಬಲ್ಬೂ ಮಿಣುಕುತ್ತಿತ್ತು. ಜೊತೆಗೆ ಒಂದು ವಿಚಿತ್ರ ದುಂದು: ಬಲ್ಬು ಎಲ್ಲ ಬಣ್ಣದ ಬೆಳಕನ್ನೂ ಹುಟ್ಟಿಸುತ್ತದೆ, ಮೇಲಿನ ಕೆಂಪು ಮುಚ್ಚಳ ಕೆಂಪನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಕೆಂಪನ್ನೇ ನೇರವಾಗಿ ಹುಟ್ಟಿಸುವ ವಸ್ತು ಪ್ರಯೋಗಾಲಯದಲ್ಲಿ ಕಾಯುತ್ತಿತ್ತು. 1907ರಲ್ಲಿ ಹೆನ್ರಿ ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರು ಕಾರ್ಬೊರಂಡಮ್ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಿನುಗಿದ್ದನ್ನು ಕಂಡು ಪುಟ್ಟ ಟಿಪ್ಪಣಿಯೊಂದನ್ನು ಪ್ರಕಟಿಸಿದ. ಇಪ್ಪತ್ತರ ದಶಕದಲ್ಲಿ ರಷ್ಯದ ಓಲೆಗ್ ಲೋಸೆವ್ ಅದೇ ಮಿನುಗನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ. 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಹಸಿವಿನಿಂದ ಸತ್ತ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ, ಬಳಕೆಗೆ ಬರುವಂಥ ಎಲ್‌ಇಡಿಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೋನ್ಯಾಕ್ ತಯಾರಿಸಿದ್ದು 1962ರಲ್ಲಿ. ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ 1972ರಲ್ಲಿ ಹಳದಿಯನ್ನು ತಂದರು.

ಬಿಳಿ ಬೆಳಕಿಗೆ ನೀಲಿ ಬೇಕಿತ್ತು. ಪ್ರಖರ ನೀಲಿ ಎಲ್‌ಇಡಿ ಜಪಾನಿನಲ್ಲಿ ಶುಜಿ ನಕಮುರ ಅವರ ಕೈಯಲ್ಲಿ ಮಾರುಕಟ್ಟೆಗೆ ಸಿದ್ಧವಾದದ್ದು 1993ರಲ್ಲಿ. ಅದಕ್ಕೆ ಸಂದ ನೊಬೆಲ್ 2014ರಲ್ಲಿ ಅಕಸಾಕಿ, ಅಮಾನೊ, ನಕಮುರ ಮೂವರಿಗೂ ಸೇರಿ ಬಂತು. ಮನೆಯ ದೀಪ ನೀಲಿಗಾಗಿ ಕಾಯಬೇಕಾಯಿತು. ವಾಹನದ ಬೆನ್ನು ಕಾಯಬೇಕಿರಲಿಲ್ಲ. ಅದಕ್ಕೆ ಬೇಕಿದ್ದುದು ಮೊದಲು ಹುಟ್ಟಿದ ಬಣ್ಣಗಳೇ, ಅದೂ ಸ್ವಲ್ಪವೇ ಬೆಳಕು. ಪ್ರಚಾರವೆಲ್ಲ ನೀಲಿಗೆ ಸಿಕ್ಕಿತು, ಆದರೆ ರಸ್ತೆಯಲ್ಲಿ ಜೀವ ಉಳಿಸುವ ಕೆಲಸಕ್ಕೆ ಮೊದಲು ಇಳಿದದ್ದು ಕೆಂಪು. ಬ್ರೇಕಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ, ಎಲ್‌ಇಡಿ ತಕ್ಷಣ ಹೊತ್ತುತ್ತದೆ. 100 ಕಿ.ಮೀ. ವೇಗದಲ್ಲಿ ಆ ವ್ಯತ್ಯಾಸ 5 ಮೀಟರಿಗೂ ಹೆಚ್ಚು.

ಈಗ ಗ್ಯಾರೇಜಿನ ಮಾತು. ಟ್ರ್ಯಾಕ್ಟರಿನದು 12 ವೋಲ್ಟ್, ನಮ್ಮ ಭಾರಿ ಲಾರಿಗಳದು ಸಾಮಾನ್ಯವಾಗಿ 24. ದೀಪ ಕೊಳ್ಳುವ ಮುನ್ನ ಇದನ್ನು ನೋಡಬೇಕು. ಎರಡಕ್ಕೂ ಒಗ್ಗುವ ದೀಪಗಳೂ ಸಿಗುತ್ತವೆ. ಬಲ್ಬಿನಂತಲ್ಲದೆ ಎಲ್‌ಇಡಿಗೆ ಧನ, ಋಣದ ಭೇದವಿದೆ, ತಿರುವುಮುರುವಾದರೆ ಉರಿಯದು. ನೀರು ನುಗ್ಗದಂತೆ ಸೀಲು ಮಾಡಿದ ದೀಪವನ್ನೇ ಆರಿಸಿದರೂ ಕೆಡುವುದು ಬಹುತೇಕ ದೀಪವಲ್ಲ, ಜೋಡಣೆ. ಅರ್ಥಿಂಗ್ ವೈರನ್ನು ತುಕ್ಕು ಹಿಡಿದ ಚಾಸಿಗೆ ಸ್ಕ್ರೂ ಹೊಡೆದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಪ್ರತ್ಯೇಕ ವೈರನ್ನು ಪ್ಲಗ್ಗಿನವರೆಗೂ ಎಳೆದರೆ ಖರ್ಚು ಹೆಚ್ಚೇನೂ ಆಗದು.

ಎಲ್‌ಇಡಿ ಅಗ್ಗವಾದದ್ದರಿಂದ ಇನ್ನೊಂದು ಪೇಚೂ ಹುಟ್ಟಿದೆ. ಲಾರಿಗಳ ಹಿಂದೆ ನೀಲಿ, ಹಸಿರು, ಮಿಂಚುವ ಬಿಳಿ ಸರಗಳು, ಜಾತ್ರೆಯ ತೇರಿನ ಹಾಗೆ. ಚೆಂದವೇನೋ ಹೌದು. ಆದರೆ ಹಿಂದೆ ಬಿಳಿ ಕಂಡ ಚಾಲಕ ವಾಹನ ಎದುರಿಗೇ ಬರುತ್ತಿದೆ ಎಂದುಕೊಂಡರೆ ತಪ್ಪು ಅವನದೇ?

ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಸಮಸ್ಯೆ ಬೇರೆಯದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು ಕಟ್ಟುತ್ತಾರೆ, ಹೊರಚಾಚಿದ ಕಬ್ಬಿನ ತುದಿಗಳು ದೀಪವನ್ನೇ ಮುಚ್ಚುತ್ತವೆ. ಹಂಗಾಮು ಶುರುವಾದಾಗ ಪೊಲೀಸರು ಪ್ರತಿಫಲಕ ಪಟ್ಟಿ ಅಂಟಿಸುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಪಟ್ಟಿಯನ್ನು ಹಗುರವಾಗಿ ಕಾಣುವಂತಿಲ್ಲ. 1993ರ ಡಿಸೆಂಬರಿನಿಂದ ಅಮೆರಿಕದ ಹೊಸ ಭಾರಿ ಟ್ರೇಲರುಗಳಿಗೆ ಅದು ಕಡ್ಡಾಯವಾಯಿತು. ಕತ್ತಲಲ್ಲಿ ಹಿಂದಿನಿಂದ, ಪಕ್ಕದಿಂದ ಬಂದು ಗುದ್ದುವ ಅಪಘಾತಗಳು ಅದರಿಂದ ಶೇ 29ರಷ್ಟು ತಗ್ಗಿವೆ ಎಂದು ಅಲ್ಲಿನ ಸರ್ಕಾರಿ ಸಂಸ್ಥೆ 2001ರಲ್ಲಿ ಲೆಕ್ಕ ಕೊಟ್ಟಿತು. ಕೆಟ್ಟು ನಿಂತ, ಬ್ಯಾಟರಿಯಿಂದ ಬೇರ್ಪಟ್ಟ ಟ್ರೇಲರಿಗೆ ಪಟ್ಟಿಯೇ ಗತಿ. ಆದರೆ ಕಬ್ಬಿನ ಕೆಳಗೆ ಅಡಗಿದ ಪಟ್ಟಿ, ದೀಪ ಎರಡೂ ಒಂದೇ.

ಬ್ರಿಟನ್ನಿನಲ್ಲಿ ದೋಣಿ ಎಳೆದೊಯ್ಯುವವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ದೀಪ, ಪ್ರತಿಫಲಕ ಎಲ್ಲವನ್ನೂ ಒಂದು ಹಲಗೆಗೆ ಜೋಡಿಸಿ, ಉದ್ದದ ವೈರಿನ ಕೊನೆಗೆ ಪ್ಲಗ್ ಇಟ್ಟಿರುತ್ತಾರೆ. ಹೇರು ಕಟ್ಟಿದ ಮೇಲೆ ಅದರ ತುತ್ತತುದಿಗೆ ಹಲಗೆಯನ್ನು ಬಿಗಿಯುತ್ತಾರೆ. ಎಲ್‌ಇಡಿಯಾದರೆ ಹಲಗೆ ಹಗುರ, ಗುಂಡಿಗೆ ಬಿದ್ದರೂ ಆರುವುದಿಲ್ಲ. ನಮ್ಮ ಕಾರ್ಖಾನೆಗಳ ತೂಕದ ಸೇತುವೆಯ ಬಳಿ ಖಾಲಿಯಾದ ಟ್ರೇಲರಿನಿಂದ ಹಲಗೆ ಬಿಚ್ಚಿ ಮುಂದಿನ ಹೇರಿಗೆ ಕಟ್ಟಲು ಎರಡು ಹಗ್ಗ, ಐದು ನಿಮಿಷ ಸಾಕು.